ಸುಸ್ಥಿರ ಜಲಕೃಷಿಯಲ್ಲಿ ವೃತ್ತಿ: ಬಿ.ಎಸ್ಸಿ. ಮುಗಿಸುವವರು ಬೆಂಗಳೂರಿನಿಂದ ಎಲ್ಲಿ ಆರಂಭಿಸಬೇಕು?

ಪ್ರಶ್ನೆ: ಯಲಹಂಕದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಷಯಗಳಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಮಾಗಡಿಯ ಬಳಿ ನಮ್ಮ ಮನೆಯವರ ಜಮೀನಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವೊಂದಿದ್ದು, ಅದರಲ್ಲಿ ಕಾಟ್ಲಾ, ರೋಹು ಮೀನುಮರಿಗಳನ್ನು ಬಿಟ್ಟು ಬೆಳೆಸುವುದನ್ನು ನೋಡುತ್ತಲೇ ಜಲಕೃಷಿಯಲ್ಲಿ, ಅಂದರೆ ಮೀನು, ಸಿಗಡಿಗಳ ಸಾಕಣೆಯಲ್ಲಿ, ನನಗೆ ಆಸಕ್ತಿ ಹುಟ್ಟಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿಯ ಪ್ರಕಾರ, 2022ರಲ್ಲಿ ಸಾಕಿ ಬೆಳೆಸಿದ ಜಲಚರ ಪ್ರಾಣಿಗಳ ಉತ್ಪಾದನೆ 94.4 ದಶಲಕ್ಷ ಟನ್‌ಗೆ ತಲುಪಿ, ಮೊದಲ ಬಾರಿಗೆ ಸಮುದ್ರ ಮತ್ತು ಒಳನಾಡಿನಲ್ಲಿ ಹಿಡಿದು ತಂದ ಪ್ರಮಾಣವನ್ನು ಮೀರಿತು. ಇಷ್ಟು ದೊಡ್ಡದಾಗಿ ಬೆಳೆದಿರುವ ಕ್ಷೇತ್ರದಲ್ಲಿ ನೀರನ್ನೂ ಕೆರೆಯನ್ನೂ ಕೆಡಿಸದೆ ಮೀನು ಬೆಳೆಸುವ ಕೆಲಸವನ್ನು ಸರಿಯಾಗಿ ಕಲಿಯಬೇಕೆಂಬುದು ನನ್ನ ಆಸೆ.

ನನ್ನ ಗೊಂದಲಗಳು ಹೀಗಿವೆ. ಪಿಯುಸಿ ನಂತರವೇ ಮೀನುಗಾರಿಕಾ ಪದವಿಗೆ ಸೇರದ ನನ್ನಂಥವರಿಗೆ ಈಗ ಯಾವ ದಾರಿಗಳು ಉಳಿದಿವೆ? ನಗರದ ಹೊರವಲಯದಲ್ಲಿ ಬಯೋಫ್ಲಾಕ್ (ತೊಟ್ಟಿಯ ನೀರಿನಲ್ಲೇ ಬ್ಯಾಕ್ಟೀರಿಯಾ ಬೆಳೆಸಿ, ಅವುಗಳಿಂದ ನೀರನ್ನು ಶುದ್ಧವಾಗಿಟ್ಟು ಮೀನು ಸಾಕುವ ಪದ್ಧತಿ) ಕಲಿಸುವ ವಾರಾಂತ್ಯದ ತರಬೇತಿಗಳ ಜಾಹೀರಾತುಗಳು ಬಹಳ ಕಾಣುತ್ತವೆ, ಅವುಗಳಿಂದ ಪ್ರಯೋಜನವಿದೆಯೇ? ಸಾಲ ಮಾಡಿಯಾದರೂ ವಿದೇಶದಲ್ಲಿ ಸ್ನಾತಕೋತ್ತರ ಪದವಿ ಮಾಡುವುದು ಒಳ್ಳೆಯದೇ? ಸಮುದ್ರದಿಂದ ಇಷ್ಟು ದೂರದ ಬೆಂಗಳೂರಿನಲ್ಲಿದ್ದುಕೊಂಡು ಈ ವಿದ್ಯೆಯನ್ನು ಎಷ್ಟರ ಮಟ್ಟಿಗೆ ಕಲಿಯಬಹುದು? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಮಂಗಳೂರಿನಲ್ಲಿ ಓದಿದವರು

ಮೊದಲು ಪದವಿಗಳ ವಿಚಾರ. ನಮ್ಮ ರಾಜ್ಯದಲ್ಲಿ ಈ ಕ್ಷೇತ್ರದ ವೃತ್ತಿಪರ ಪದವಿಯೆಂದರೆ ನಾಲ್ಕು ವರ್ಷಗಳ ಬಿ.ಎಫ್.ಎಸ್ಸಿ. (ಮೀನುಗಾರಿಕಾ ವಿಜ್ಞಾನ ಪದವಿ). ಅದನ್ನು ಕಲಿಸುವ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು 1969ರಲ್ಲಿ ಆರಂಭವಾದ, ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು. ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದ ಅದು ಈಗ ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪ್ರವೇಶವು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ನಡೆಯುತ್ತದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು, ಮತ್ತು ಕೃಷಿಕರ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆಯ ಆಧಾರದ ಮೇಲೆ ಪ್ರತ್ಯೇಕ ಮೀಸಲಾತಿಯೂ ಇದೆ. ರಾಜ್ಯ ಮೀನುಗಾರಿಕೆ ಇಲಾಖೆಯ ತಾಂತ್ರಿಕ ಅಧಿಕಾರಿ ಹುದ್ದೆಗಳತ್ತ ಕಣ್ಣಿಟ್ಟವರಿಗೆ ಈ ಪದವಿಗೆ ಬದಲಿಯಿಲ್ಲವೆಂದೇ ತಿಳಿಯಿರಿ. ಎಂ.ಎಫ್.ಎಸ್ಸಿ. ಓದಿಗೂ ಸಾಮಾನ್ಯವಾಗಿ ಬಿ.ಎಫ್.ಎಸ್ಸಿ. ಆಗಿರಬೇಕೆಂಬ ನಿಯಮವಿರುವುದರಿಂದ, ಮುಂಬೈನ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಂತಹ ಹೆಸರಾಂತ ಸಂಸ್ಥೆಗಳ ಹೆಚ್ಚಿನ ಸೀಟುಗಳು ಪ್ರಾಣಿಶಾಸ್ತ್ರದ ಪದವೀಧರರಿಗೆ ದಕ್ಕುವುದಿಲ್ಲ.

ಹಾಗೆಂದು ಮತ್ತೆ ಸಿಇಟಿ ಬರೆದು ನಾಲ್ಕು ವರ್ಷ ಹೊಸದಾಗಿ ಓದಿ ಎಂದು ನಾನು ಹೇಳಲಾರೆ. ಸರ್ಕಾರಿ ಹುದ್ದೆಯೇ ತಮ್ಮ ಗುರಿಯಾಗಿದ್ದರೆ ಮಾತ್ರ ಅದು ಯೋಗ್ಯ. ಇಲ್ಲವಾದರೆ ಎಂ.ಎಸ್ಸಿ. ದಾರಿ ತೆರೆದೇ ಇದೆ. ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ, ಕೊಚ್ಚಿಯ ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯ, ಪರಂಗಿಪೇಟೈನಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಕೇಂದ್ರ ಇವುಗಳ ಪ್ರವೇಶ ಪ್ರಕಟಣೆಗಳನ್ನು ಈ ವರ್ಷವೇ ಗಮನಿಸಿ. ಸಂಶೋಧನೆ, ಮೇವಿನ ಉದ್ಯಮ, ರೋಗ ಪತ್ತೆ, ಪ್ರಮಾಣೀಕರಣ, ರಫ್ತು ಗುಣಮಟ್ಟ ಪರೀಕ್ಷೆ ಇವೆಲ್ಲವುಗಳಲ್ಲಿ ಅಲ್ಲಿಂದ ಬಂದವರು ಕೆಲಸ ಮಾಡುತ್ತಿದ್ದಾರೆ.

ಬೆಂಗಳೂರಿನಲ್ಲಿ ಕಲಿಯಲು ಏನಿದೆ ಎಂದು ಕೇಳಿದ್ದೀರಿ. ತಾವಿರುವ ಯಲಹಂಕದಿಂದ ಸ್ವಲ್ಪವೇ ದೂರದ ಹೆಸರಘಟ್ಟದಲ್ಲಿ, ಭುವನೇಶ್ವರದ ಬಳಿಯ ಕೌಸಲ್ಯಾಗಂಗದಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. ಹೆಬ್ಬಾಳದಲ್ಲಿ ನಮ್ಮ ಬೀದರ್ ವಿಶ್ವವಿದ್ಯಾಲಯದ ಮೀನುಗಾರಿಕಾ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ನಮ್ಮ ರೈತರ ಕೆರೆಗಳಲ್ಲಿದ್ದ ಸಾಮಾನ್ಯ ಗೆಂಡೆ (ಕಾರ್ಪ್) ಮೀನು ಬಹಳ ಬೇಗ ಮೊಟ್ಟೆಗೆ ಬಂದು ಬೆಳವಣಿಗೆ ಕುಂಠಿತವಾಗುತ್ತಿದ್ದಾಗ, ಹಂಗೇರಿಯಿಂದ ತಂದ ಅಮುರ್ ತಳಿಯನ್ನು ಇಲ್ಲಿಯ ಹವೆಯಲ್ಲಿ ಪರೀಕ್ಷಿಸಿ ರೈತರಿಗೆ ತಲುಪಿಸುವಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪಾತ್ರ ದೊಡ್ಡದು. ಆ ತಳಿ ಸುಧಾರಣೆಯ ಕೆಲಸದಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯವೂ ಸಹಭಾಗಿಯಾಗಿತ್ತು. ಕೊನೆಯ ವರ್ಷದ ಯೋಜನಾ ಕೆಲಸಕ್ಕೆ ತಮ್ಮ ಪ್ರಾಧ್ಯಾಪಕರ ಪತ್ರವನ್ನು ತೆಗೆದುಕೊಂಡು ಈ ಎರಡೂ ಕಡೆ ಖುದ್ದಾಗಿ ಹೋಗಿ ಕೇಳಿ. ಮಿಂಚಂಚೆ ಕಳಿಸಿ ಕಾಯುತ್ತ ಕೂರಬೇಡಿ.

ಉತ್ತರ 2: ಮರಿ ಉತ್ಪಾದನೆಯಲ್ಲಿ ಕೆಲಸ ಮಾಡುವವರು

ಮೇಲಿನವರು ಪದವಿಗಳ ಬಗ್ಗೆ ಬರೆದದ್ದು ಸರಿಯಾಗಿದೆ. ಆದರೆ ಕೆಲಸಕ್ಕೆ ಬರುವ ಪದವೀಧರರನ್ನು ಹತ್ತಿರದಿಂದ ನೋಡುವ ನನಗೆ, ಇದಕ್ಕಿಂತ ಮುಖ್ಯವೆನಿಸುವ ಮಾತೊಂದಿದೆ. ಒಂದು ಬೆಳೆಯನ್ನು ಮರಿ ಬಿಡುವ ದಿನದಿಂದ ಹಿಡಿದು ಮಾರಾಟದ ದಿನದವರೆಗೆ ಸ್ವತಃ ನೋಡಿಕೊಂಡು, ಅದರ ಲೆಕ್ಕವನ್ನು ದಿನವೂ ಬರೆದಿಟ್ಟವರು ಬಹಳ ಕಡಿಮೆ. ಯಾವ ಪದವಿ ಇದ್ದರೂ ಇದೊಂದು ಇಲ್ಲದಿದ್ದರೆ ಕೊಳದ ದಡದ ಮೇಲೆ ನಿಂತಾಗ ಏನು ಮಾಡಬೇಕೆಂಬುದೇ ತೋಚುವುದಿಲ್ಲ.

ತಮ್ಮ ಮನೆಯ ಹೊಂಡದಿಂದಲೇ ಆರಂಭಿಸಿ. ಬೆಳಗಿನ ಜಾವ, ಸೂರ್ಯೋದಯಕ್ಕೆ ಮುಂಚೆ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಿರಿ. ರಾತ್ರಿಯಿಡೀ ಪಾಚಿಯೂ ಮೀನೂ ಉಸಿರಾಡಿರುವುದರಿಂದ ದಿನದ ಅತ್ಯಂತ ಕಡಿಮೆ ಮಟ್ಟ ಆಗಲೇ ಇರುತ್ತದೆ. ಮಧ್ಯಾಹ್ನ ಮಾತ್ರ ಅಳೆದು ಎಲ್ಲವೂ ಚೆನ್ನಾಗಿದೆ ಎಂದುಕೊಂಡವರ ಕೊಳಗಳಲ್ಲೇ ಮುಂಜಾನೆ ಮೀನು ಬಾಯಿ ತೆರೆದು ಮೇಲೆ ತೇಲುವುದು. ಸೆಚ್ಚಿ ಬಿಲ್ಲೆಯನ್ನು (ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಕಪ್ಪು-ಬಿಳಿ ತಟ್ಟೆ) ನೀರಿಗೆ ಇಳಿಬಿಟ್ಟು ಅದು ಎಷ್ಟು ಆಳಕ್ಕೆ ಮರೆಯಾಗುತ್ತದೆ ಎಂದು ನೋಡಿ. 30ರಿಂದ 40 ಸೆಂಟಿಮೀಟರ್ ಇದ್ದರೆ ಗೆಂಡೆಗಳಿಗೆ ಬೇಕಾದಷ್ಟು ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಇವೆ ಎಂದರ್ಥ. ಹಾಕಿದ ಮೇವಿನ ತೂಕ, ತಿಂಗಳಿಗೊಮ್ಮೆ ಬಲೆ ಎಳೆದು ಪಡೆದ ಮೀನಿನ ಸರಾಸರಿ ತೂಕ, ಸತ್ತ ಮೀನಿನ ಸಂಖ್ಯೆ ಎಲ್ಲವೂ ಪುಸ್ತಕದಲ್ಲಿರಲಿ. ಒಂದು ಕಿಲೋ ಮೀನು ಬೆಳೆಯಲು ಎಷ್ಟು ಕಿಲೋ ಮೇವು ಹಿಡಿಯಿತು ಎಂಬ ಅನುಪಾತವನ್ನು ಆ ಪುಸ್ತಕದಿಂದ ತೆಗೆಯಲು ಬಂದರೆ, ಯಾವ ಸಂದರ್ಶನದಲ್ಲೂ ತಮ್ಮ ಮಾತಿಗೆ ತೂಕ ಬರುತ್ತದೆ.

ಸುಸ್ಥಿರತೆಯ ಅರ್ಧ ಲೆಕ್ಕ ಈ ಮೇವಿನಲ್ಲೇ ಇದೆ. ಸಿಗಡಿ ಮತ್ತು ಮಾಂಸಾಹಾರಿ ಮೀನುಗಳ ಮೇವಿಗೆ ಮೀನುಪುಡಿ ಬೇಕು. ಅದನ್ನು ತಯಾರಿಸುವ ಕಾರ್ಖಾನೆಗಳು ನಮ್ಮ ಕರಾವಳಿಯಲ್ಲೇ ಬಹಳಷ್ಟಿದ್ದು, ಜನ ತಿನ್ನಬಹುದಾದ ಬೂತಾಯಿ ಮೀನೂ ಬಲೆಗೆ ಬಿದ್ದ ಎಳೆಯ ಮೀನುಗಳೂ ಅವುಗಳ ಹೊಟ್ಟೆ ಸೇರುತ್ತವೆ. ಸಾಕಿದ ಮೀನು ಸಮುದ್ರದ ಮೇಲಿನ ಹೊರೆಯನ್ನು ಇಳಿಸುತ್ತದೆ ಎಂದು ಹೇಳುವ ಮುನ್ನ ಅದು ತಿಂದದ್ದೇನು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಸೋಯಾ ಹಿಂಡಿ, ಶೇಂಗಾ ಹಿಂಡಿ, ಕಪ್ಪು ಸೈನಿಕ ನೊಣದ ಮರಿಹುಳು ಮುಂತಾದ ಬದಲಿ ಪ್ರೋಟೀನ್‌ಗಳ ಮೇಲೆ ಇಂದು ನಡೆಯುತ್ತಿರುವ ಕೆಲಸದಲ್ಲಿ ರಸಾಯನಶಾಸ್ತ್ರ ಬಲ್ಲವರಿಗೆ ಒಳ್ಳೆಯ ಅವಕಾಶವಿದೆ. ನಮ್ಮ ಕೊಳಗಳ ಮಟ್ಟಿಗೆ ಹೇಳುವುದಾದರೆ, ಮೇಲ್ಪದರದಲ್ಲಿ ತಿನ್ನುವ ಕಾಟ್ಲಾ, ನಡುಪದರದ ರೋಹು, ತಳದ ಮೃಗಾಲ್ ಇವುಗಳನ್ನು ಒಟ್ಟಿಗೆ ಬೆಳೆಸುವ ಮಿಶ್ರ ಸಾಕಣೆಯಷ್ಟು ಮಿತವ್ಯಯದ ಪದ್ಧತಿ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸ ತಂತ್ರಜ್ಞಾನದ ಉತ್ಸಾಹದಲ್ಲಿ ಅದನ್ನು ಹಳೆಯದೆಂದು ಬದಿಗಿಡುವ ತರಬೇತುದಾರರ ಮಾತಿಗೆ ಕಿವಿಗೊಡಬೇಡಿ.

ಇನ್ನೊಂದು ಸಲಹೆ. ಪರೀಕ್ಷೆ ಮುಗಿದ ಮೇಲೆ ಬರುವ ಮುಂಗಾರನ್ನು ವ್ಯರ್ಥ ಮಾಡಬೇಡಿ. ಕಾಟ್ಲಾ, ರೋಹು, ಮೃಗಾಲ್ ಎಂಬ ನಮ್ಮ ದೇಶದ ಗೆಂಡೆಗಳು ಮಳೆಗಾಲದಲ್ಲಿ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ನೀರಿನ ಕೊಳದಲ್ಲಿ ತಾವಾಗಿ ಇಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿಯವರು ಹಾರ್ಮೋನು ಸ್ರವಿಸುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳನ್ನು ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದ ನಂತರವೇ ನದಿಯಿಂದ ಮರಿ ಹಿಡಿದು ತರುವ ಅವಲಂಬನೆ ತಗ್ಗಿತು. ಆ ದಿನವನ್ನೇ ನಾವು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತೇವೆ. ಭದ್ರಾ ಜಲಾಶಯದ ಬಿ.ಆರ್. ಪ್ರಾಜೆಕ್ಟ್‌ನಲ್ಲಾಗಲಿ, ತುಂಗಭದ್ರಾ, ಕಬಿನಿ ಜಲಾಶಯಗಳ ಬಳಿಯಾಗಲಿ ಇರುವ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಈ ಕೆಲಸವನ್ನು ಕಣ್ಣಾರೆ ನೋಡಬಹುದು. ಸಂಜೆ ಹಾರ್ಮೋನು ಕೊಟ್ಟು, ರಾತ್ರಿ ಮೊಟ್ಟೆ ಬಂದು, ಮರುದಿನ ವೃತ್ತಾಕಾರದ ತೊಟ್ಟಿಯಲ್ಲಿ ಮರಿ ಒಡೆಯುವವರೆಗೆ ನೀರಿನ ಹರಿವನ್ನು ಸರಿಯಾಗಿ ಕಾಯ್ದುಕೊಳ್ಳುವುದನ್ನು ಯಾವ ತರಗತಿಯೂ ಪೂರ್ಣವಾಗಿ ಕಲಿಸಲಾರದು.

ಉತ್ತರ 3: ನೀರು ಶುದ್ಧೀಕರಣದ ಎಂಜಿನಿಯರ್

ನಾನು ಮೀನುಗಾರಿಕೆ ಓದಿದವನಲ್ಲ. ಬೆಂಗಳೂರಿನಲ್ಲಿ ನೀರು ಶುದ್ಧೀಕರಣ ಘಟಕಗಳ ಕೆಲಸ ಮಾಡುತ್ತ ಮರುಬಳಕೆ ನೀರಿನ ಮೀನು ಸಾಕಣೆ ವ್ಯವಸ್ಥೆಗಳತ್ತ ಬಂದವನು. ಬಯೋಫ್ಲಾಕ್ ತರಬೇತಿಯ ಪ್ರಶ್ನೆಗೆ ಒಂದು ಲೆಕ್ಕದ ಮೂಲಕ ಉತ್ತರಿಸುತ್ತೇನೆ, ಏಕೆಂದರೆ ತಾವು ರಸಾಯನಶಾಸ್ತ್ರ ಓದಿದವರು.

ಹತ್ತು ಸಾವಿರ ಲೀಟರಿನ ತೊಟ್ಟಿಯಲ್ಲಿ ನೂರು ಕಿಲೋ ಮೀನು ಇದೆ, ದಿನಕ್ಕೆ ಅದರ ತೂಕದ ಶೇ 2ರಷ್ಟು, ಅಂದರೆ 2 ಕಿಲೋ, ಮೇವು ಹಾಕುತ್ತೀರಿ ಎಂದಿಟ್ಟುಕೊಳ್ಳಿ. ಮೇವಿನಲ್ಲಿ ಶೇ 30ರಷ್ಟು ಪ್ರೋಟೀನ್ ಇದ್ದರೆ, ರೂಢಿಯಲ್ಲಿರುವ ಸೂತ್ರದ ಪ್ರಕಾರ ಪ್ರತಿ ಕಿಲೋ ಮೇವಿನಿಂದ ಸುಮಾರು 28 ಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ. ದಿನಕ್ಕೆ ಸುಮಾರು 55 ಗ್ರಾಂ. ಆ ತೊಟ್ಟಿಯಲ್ಲಿ ಅದು ಲೀಟರಿಗೆ 5.5 ಮಿಲಿಗ್ರಾಂ. ನೀರಿನ ಪಿಎಚ್ 7 ಇದ್ದಾಗ 25 ಡಿಗ್ರಿ ಉಷ್ಣತೆಯಲ್ಲಿ ಇದರ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ಮೀನಿಗೆ ವಿಷವಾಗುವ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಶೇ 5, ಪಿಎಚ್ 9 ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು. ಇದನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಪರಿವರ್ತಿಸಬೇಕಾದರೆ ಪ್ರತಿ ಗ್ರಾಂ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕವೂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಗ್ರಾಂ ಕ್ಷಾರೀಯತೆಯೂ ಖರ್ಚಾಗುತ್ತವೆ. ಬಯೋಫ್ಲಾಕ್‌ನಲ್ಲಿ ಬೆಲ್ಲ ಅಥವಾ ಕಾಕಂಬಿ ಹಾಕಿ ಇಂಗಾಲದ ಪಾಲನ್ನು ಹೆಚ್ಚಿಸಿ ಬೇರೆ ಬ್ಯಾಕ್ಟೀರಿಯಾಗಳಿಂದ ಅಮೋನಿಯಾವನ್ನು ಹೀರಿಸುತ್ತಾರೆ; ಅವೂ ಆಮ್ಲಜನಕವನ್ನು ಬಹಳವಾಗಿ ಬೇಡುತ್ತವೆ. ಹೀಗಾಗಿ ಮೀನು ತುಂಬಿದ ತೊಟ್ಟಿಯಲ್ಲಿ ಗಾಳಿಯಂತ್ರ ನಿಂತರೆ ಕೆಲವೇ ಗಂಟೆಗಳಲ್ಲಿ ಇಡೀ ಬೆಳೆ ಹೋಗುತ್ತದೆ.

ಬೆಂಗಳೂರಿಗೆ ಸಂಬಂಧಿಸಿದ ಮೂರು ಸಂಗತಿಗಳನ್ನು ಇಲ್ಲಿ ಸೇರಿಸಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, 25 ಡಿಗ್ರಿಯಲ್ಲಿ ಕರಾವಳಿಯ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿಯದು 7.4ರ ಆಸುಪಾಸಿನಲ್ಲೇ ತೃಪ್ತವಾಗುತ್ತದೆ. ಆಂಧ್ರದ ಕರಾವಳಿಯ ಕೈಪಿಡಿಯಲ್ಲಿರುವ ಮೀನಿನ ಸಾಂದ್ರತೆಯನ್ನು ಇಲ್ಲಿ ಹಾಗೆಯೇ ನಕಲು ಮಾಡಬಾರದು. ನಲ್ಲಿಯಲ್ಲಿ ಬರುವ ಕಾವೇರಿ ನೀರಿನ ಕ್ಲೋರಿನ್ ತೆಗೆಯದೆ ಬಳಸಿದರೆ ಮೀನಿನ ಜೊತೆಗೆ ನೀರನ್ನು ಶುದ್ಧಗೊಳಿಸುವ ಜೈವಿಕ ಶೋಧಕದ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಚಳಿಗಾಲದ ರಾತ್ರಿಗಳಲ್ಲಿ ನೀರು ತಂಪಾದಾಗ ಗೆಂಡೆ ಮೇವು ಬಿಡುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ತರಬೇತಿ ಕೊಡುವವರ ಮುಂದೆ ಈ ಮೂರನ್ನೂ ಮೇಲಿನ ಅಮೋನಿಯಾ ಲೆಕ್ಕವನ್ನೂ ಇಟ್ಟು ನೋಡಿ. ಉತ್ತರಿಸಲು ಆಗದವರಿಗೆ ಹಣ ಕೊಡಬೇಡಿ. ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಡಿ ಘಟಕ ವೆಚ್ಚದ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60ರಷ್ಟು ಸಹಾಯಧನವಿದೆ ಎಂಬುದನ್ನೇ ಮುಖ್ಯ ಆಕರ್ಷಣೆಯಾಗಿ ತೋರಿಸುವವರೂ ಇದ್ದಾರೆ. ಸಹಾಯಧನದಿಂದ ತೊಟ್ಟಿ ಬರುತ್ತದೆ, ಪ್ರತಿ ತಿಂಗಳ ವಿದ್ಯುತ್ ಬಿಲ್ಲನ್ನು ಕಟ್ಟುವವರು ತಾವೇ.

ಅಂಥ ತರಬೇತಿಯ ಹಣವನ್ನು ಉಳಿಸಿ, ರಜೆಯಲ್ಲಿ ಜಕ್ಕೂರು ಕೆರೆಗೆ ಹೋಗಿ ಎಂದು ನನ್ನ ಮನವಿ. ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗು ಪ್ರದೇಶವನ್ನು ದಾಟಿ ಕೆರೆಗೆ ಸೇರುತ್ತದೆ, ಮತ್ತು ಆ ಕೆರೆಯಲ್ಲಿ ಮೀನುಗಾರಿಕೆಯೂ ನಡೆದಿದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ತಾವೂ ಕೇಳಿರಬಹುದು. ಕೊಳಚೆ ಸೇರಿದ ಕೆರೆಯಲ್ಲಿ ಆಮ್ಲಜನಕ ಕುಸಿದರೆ ಆಗುವುದು ಅದೇ. ಈ ಎರಡು ಕೆರೆಗಳ ನಡುವಿನ ವ್ಯತ್ಯಾಸವನ್ನು ಅಳತೆಗಳೊಂದಿಗೆ ಬರೆದರೆ ಅದೇ ಒಂದು ಒಳ್ಳೆಯ ಯೋಜನಾ ವರದಿಯಾಗುತ್ತದೆ. ಕೊಲ್ಕತ್ತಾದ ಪೂರ್ವ ಭಾಗದ ಜೌಗು ಪ್ರದೇಶದಲ್ಲಿ ನಗರದ ಕೊಳಚೆ ನೀರಿನಿಂದಲೇ ಬಹುಕಾಲದಿಂದ ಮೀನು ಬೆಳೆಯುತ್ತಿರುವುದನ್ನೂ, 2002ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ದೊರೆತದ್ದನ್ನೂ ಜೊತೆಗೆ ಓದಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹೆಸರಘಟ್ಟದ ಕೇಂದ್ರಕ್ಕೆ ಈ ವಾರವೇ ಹೋಗಿ ವಿಚಾರಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ. ವಿದೇಶದ ಪದವಿಯ ಬಗ್ಗೆ ಯಾರೂ ಬರೆದಿಲ್ಲ. ಹಾಗೆಯೇ, ಮರಿ ಉತ್ಪಾದನಾ ಕೇಂದ್ರಗಳಲ್ಲಿ ರಾತ್ರಿ ಕೆಲಸವಿರುವುದರಿಂದ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ, ಇದು ನಿಜವೇ?

ಉತ್ತರ 4: ಕುಮಟಾ ಕಡೆಯವರು

ವಿದೇಶದ ವಿಚಾರವನ್ನು ನಾನು ಹೇಳುತ್ತೇನೆ. ಸ್ಟರ್ಲಿಂಗ್‌ನ ಜಲಕೃಷಿ ಸಂಸ್ಥೆಯೂ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯವೂ ಈ ಕ್ಷೇತ್ರದಲ್ಲಿ ಬಹಳ ಗೌರವ ಪಡೆದಿವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯವು ಸುಸ್ಥಿರ ಜಲಕೃಷಿಯ ಸ್ನಾತಕೋತ್ತರ ಪದವಿಯನ್ನು ದೂರಶಿಕ್ಷಣದ ಮೂಲಕ ನೀಡುತ್ತದೆ. ಕೆಲಸದಲ್ಲಿದ್ದುಕೊಂಡೇ ಓದಬೇಕೆನ್ನುವವರಿಗೆ ಅದು ಅನುಕೂಲ. ನಾರ್ವೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವಿಲ್ಲ ಎಂಬ ಹಳೆಯ ಮಾಹಿತಿಯನ್ನು ನಂಬಬೇಡಿ, 2023ರಿಂದ ಯೂರೋಪಿನ ಹೊರಗಿನವರಿಗೆ ಅಲ್ಲಿಯೂ ಶುಲ್ಕವಿದೆ. ಆದರೆ ಪದವಿ ಮುಗಿದ ಕೂಡಲೇ ಸಾಲ ಮಾಡಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿಯ ಪಾಠದಲ್ಲಿ ಸಾಲ್ಮನ್ ಮೀನಿಗೆ ದೊಡ್ಡ ಪಾಲಿದೆ. ಇಲ್ಲಿಯ ಕೊಳಗಳಲ್ಲಿ ಒಂದೆರಡು ಬೆಳೆ ನೋಡಿ, ಯಾವ ಪ್ರಶ್ನೆಗೆ ಉತ್ತರ ಬೇಕೆಂದು ತಿಳಿದುಕೊಂಡು ಹೋದವರು ಅದೇ ಪಾಠದಿಂದ ಹೆಚ್ಚು ಪಡೆಯುತ್ತಾರೆ, ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಬರೆಯಲು ಅವರಿಗೆ ವಿಷಯವಿರುತ್ತದೆ.

ಹೊರಗೆ ಹೋಗುವ ಮುನ್ನ ನಮ್ಮ ಕಡೆಯ ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರು ಬರುವ ಗಜನಿ ಗದ್ದೆಗಳನ್ನು ನೋಡಿ ಬನ್ನಿ. ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರಿನೊಂದಿಗೆ ಬರುವ ಸಿಗಡಿ ಮತ್ತು ಮೀನು. ಕೊಳೆಯುವ ಭತ್ತದ ಕೂಳೆಯೇ ಅವುಗಳ ಆಹಾರಸರಣಿಗೆ ಆಧಾರ. ಹೊರಗಿನ ಮೇವೂ ಇಲ್ಲ, ಔಷಧಿಯೂ ಇಲ್ಲ. 1990ರ ದಶಕದ ಮಧ್ಯದಲ್ಲಿ ದೇಶದ ಕರಾವಳಿಯುದ್ದಕ್ಕೂ ತೀವ್ರ ಸಿಗಡಿ ಸಾಕಣೆ ಹಬ್ಬಿ, ಸಿಗಡಿಗಳಿಗೆ ಬಿಳಿಚುಕ್ಕೆ ರೋಗ ಬಂದು, ಕೊನೆಗೆ 1996ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಅದರ ನಂತರ ಬಂದದ್ದು. ಆ ತೀರ್ಪನ್ನೂ ಕಾಯ್ದೆಯನ್ನೂ ಗಜನಿಯ ದಡದಲ್ಲಿ ನಿಂತು ಓದಿದಷ್ಟು ಚೆನ್ನಾಗಿ ಬೇರೆಲ್ಲೂ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಉತ್ತರ 5: ಮರಿ ಉತ್ಪಾದನೆಯಲ್ಲಿ ಕೆಲಸ ಮಾಡುವವರು

ಹಿಂಜರಿಯುವ ಖಾಸಗಿ ಕೇಂದ್ರಗಳು ಇವೆ ಎಂಬುದು ನಿಜ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಮೀನುಗಾರಿಕಾ ಕಾಲೇಜುಗಳಿಂದ ಬರುವ ಹೆಣ್ಣುಮಕ್ಕಳು ಇಂದು ಮರಿ ಉತ್ಪಾದನೆ, ರೋಗ ಪತ್ತೆ ಪ್ರಯೋಗಾಲಯ, ಇಲಾಖೆಯ ಕಚೇರಿ ಎಲ್ಲ ಕಡೆಯೂ ಇದ್ದಾರೆ, ಮತ್ತು ಮಳೆಗಾಲದ ಸರದಿಯಲ್ಲಿ ರಾತ್ರಿ ಕೆಲಸವನ್ನೂ ಮಾಡುತ್ತಾರೆ. ಸೇರುವ ಮೊದಲು ಕೇಂದ್ರದ ಆವರಣದೊಳಗೇ ವಸತಿ ಇದೆಯೇ, ರಾತ್ರಿ ಸರದಿಯಲ್ಲಿ ಇನ್ನೊಬ್ಬ ಮಹಿಳಾ ಸಿಬ್ಬಂದಿ ಇರುತ್ತಾರೆಯೇ, ಶಿಷ್ಯವೇತನವನ್ನು ಲಿಖಿತವಾಗಿ ಕೊಡುತ್ತಾರೆಯೇ ಎಂದು ಕೇಳಿ. ಸರ್ಕಾರಿ ಕೇಂದ್ರಕ್ಕೆ ಹೋಗುವುದಾದರೆ ತಮ್ಮ ಕಾಲೇಜಿನ ಮೂಲಕ ಅಂಬೇಡ್ಕರ್ ವೀಧಿಯ ವಿಶ್ವೇಶ್ವರಯ್ಯ ಕೇಂದ್ರದಲ್ಲಿರುವ ಮೀನುಗಾರಿಕೆ ನಿರ್ದೇಶನಾಲಯಕ್ಕೆ ಅರ್ಜಿ ಸಲ್ಲಿಸಿ, ಅನುಮತಿ ಪತ್ರ ಪಡೆದೇ ಹೊರಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದ್ದರೂ, ಬೇಗ ಬೆಳೆಯುತ್ತದೆ, ಕೊಳಕು ನೀರಿನಲ್ಲೂ ಬದುಕುತ್ತದೆ ಎಂದು ಅದನ್ನೇ ಬೇರೆ ಹೆಸರಿನಲ್ಲಿ ಸಾಕುವವರು ಇದ್ದಾರೆ. ಕೆರೆಗೆ ನುಸುಳಿದರೆ ಅದು ನಾಡಿನ ಮೀನುಗಳನ್ನು ತಿಂದುಹಾಕುತ್ತದೆ. ತರಬೇತಿಗೆಂದು ಹೋದ ಜಾಗದಲ್ಲಿ ಆ ಮೀನು ಕಂಡರೆ ಅಲ್ಲಿ ಸೇರಬೇಡಿ. ಜೂನ್ ತಿಂಗಳ ಆರಂಭಕ್ಕೆ ಮುಂಚೆಯೇ ಅರ್ಜಿ ಕೊಟ್ಟರೆ ಈ ವರ್ಷದ ಮೊದಲ ಮರಿ ಉತ್ಪಾದನೆಯ ಹೊತ್ತಿಗೆ ತಾವು ಅಲ್ಲಿರಬಹುದು.